ಮಣ್ಣಿನ ಮಂದಿಗೆ ಮೊದಲು ಡುಬ್ಬ ಕೊಡಿ

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮಜ್ಜಿ ಒಂದು ಬುಟ್ಟಿ ಎರೆಮಣ್ಣು ತರಿಸುತ್ತಿದ್ದಳು. ಪಡಸಾಲೆಯಲ್ಲಿ ಕೂತು ಎತ್ತು ಮಾಡುತ್ತಿದ್ದಳು. ನಾವು ಮಕ್ಕಳು ಕೋಡಿನಿಂದ, ಕಣ್ಣಿನಿಂದ ಶುರು ಮಾಡುತ್ತಿದ್ದೆವು. ಅಜ್ಜಿ ಮಾತ್ರ ಒಂದು ಮುಷ್ಟಿ ಮಣ್ಣನ್ನು ಉದ್ದಕ್ಕೆ ಒತ್ತಿ, ಹೆಬ್ಬೆರಳಿನಿಂದ ನಡುವೆ ಒಂದು ತಗ್ಗು ಮಾಡುತ್ತಿದ್ದಳು. ಕಾಲಿಲ್ಲ, ಕೋಡಿಲ್ಲ, ಆದರೂ ಅದು ಎತ್ತು ಅಂತ ಗೊತ್ತಾಗುತ್ತಿತ್ತು. "ಡುಬ್ಬ ಬಂತಂದ್ರ ಎತ್ತು ಬಂತವಾ" ಅನ್ನುತ್ತಿದ್ದಳು. ಡುಬ್ಬ ಅಂದರೆ ನಮ್ಮ ಕಡೆ ಬೆನ್ನು.

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಹೋದ ಚಳಿಗಾಲದಲ್ಲಿ ಟಿಳಕವಾಡಿಯ ಒಂದು ಹಾಲ್‌ನಲ್ಲಿ ನನ್ನ 11 ಮಣ್ಣಿನ ಮೂರ್ತಿಗಳನ್ನು ಐದು ದಿನ ಪ್ರದರ್ಶನಕ್ಕೆ ಇಟ್ಟಿದ್ದೆ. ಹನ್ನೊಂದೂ ಬಸ್ಸಿಗೆ ಕಾಯುತ್ತಿರುವ ಮಂದಿ. ಒಂದೊಂದು ಒಂದು ಮೊಳದ ಆಸುಪಾಸು. ನೋಡಲು ಬಂದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಜಾಸ್ತಿ. "ಅಕ್ಕೋರ, ಮುಖಾನ ಮಾಡಿಲ್ಲ, ಆದ್ರೂ ದಣದಾರ ಅಂತ ಹೆಂಗ್ ಗೊತ್ತಾಗ್ತದ?" ಅಂತ ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಣ್ಣು ತರುವುದರಿಂದ ಹಿಡಿದು ಹಾಲ್‌ನಲ್ಲಿ ದೀಪ ಹಾಕುವ ತನಕ ಎಲ್ಲವನ್ನೂ ನಾನು ಅಜ್ಜಿಯ ಆ ಒಂದು ಮಾತಿನಿಂದಲೇ ಅಳೆದಿದ್ದೇನೆ.

ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ

ಮಣ್ಣು ಮುಟ್ಟುವ ಮೊದಲು ಒಂದು ವಾರ ಸುಮ್ನೆ ನೋಡಬೇಕು. ನಾನು ಸಂಜೆ ಶಾಲೆ ಬಿಟ್ಟ ಮೇಲೆ ಸಿಬಿಟಿಗೆ, ಅಂದರೆ ನಮ್ಮೂರ ದೊಡ್ಡ ಬಸ್ ಸ್ಟ್ಯಾಂಡಿಗೆ, ಹೋಗಿ ಕೂರುತ್ತಿದ್ದೆ. ಕೈಯಲ್ಲಿ ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್. ಒಬ್ಬರಿಗೆ 20 ಸೆಕೆಂಡ್, ಒಂದೇ ಗೆರೆ. ಕತ್ತಿನ ಬುಡದಿಂದ ಸೊಂಟದ ತನಕ ಬೆನ್ನು ಹೇಗೆ ಬಾಗಿದೆ ಅನ್ನುವ ಗೆರೆ ಅದು. ಆಮೇಲೆ ಅದಕ್ಕೆ ಒಂದು ಚುಕ್ಕೆ, ಮೈಭಾರ ಎಲ್ಲಿ ಬಿದ್ದಿದೆ ಅಂತ. ಮುಖ ಬರೆಯಬೇಡಿ. ಮುಖ ಬರೆಯಲು ಹೋದರೆ ಅವರಿಗೆ ಗೊತ್ತಾಗುತ್ತದೆ, ಸೆಟೆದು ಕೂರುತ್ತಾರೆ, ನಿಮಗೆ ಬೇಕಾದದ್ದು ಅಲ್ಲಿಗೆ ಹೋಯಿತು.

ಒಂದು ಸಂಜೆ ಸವದತ್ತಿ ಬಸ್ಸಿಗೆ ಕಾಯುತ್ತಾ ಒಬ್ಬ ಮುದುಕರು ಕಂಬದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಬಿಳಿ ಟೋಪಿ, ಮಂಡಿಯ ಮೇಲೆ ಎರಡೂ ಮೊಣಕೈ, ಕೈಗಳು ಮುಂದಕ್ಕೆ ಜೋತು ಬಿದ್ದಿದ್ದವು. ಪಕ್ಕದಲ್ಲಿ ಗೊಬ್ಬರದ ಚೀಲ. ದೂರದಿಂದ ನೋಡಿದರೆ ಆರಾಮಾಗಿ ಕೂತಿದ್ದಾರೆ ಅನ್ನಿಸುತ್ತಿತ್ತು. ಹಿಂದೆ ಹೋಗಿ ನೋಡಿದೆ. ಬೆನ್ನು ನೆಟ್ಟಗಿತ್ತು. ಅಷ್ಟು ತಗ್ಗಿ ಕೂತ ಮನುಷ್ಯನ ಬೆನ್ನು ದುಂಡಗೆ ಬಾಗಿರಬೇಕಲ್ವಾ? ಇವರದು ಬಾಗಿರಲಿಲ್ಲ. ಪ್ರತಿ ಬಸ್ಸು ಒಳಗೆ ಬಂದಾಗಲೂ ಏಳಲು ತಯಾರಾಗುತ್ತಿದ್ದ ಬೆನ್ನು ಅದು. ಆ ಗೆರೆಯೇ ಮುಂದೆ ನನ್ನ ಮೂರನೇ ಮೂರ್ತಿ ಆಯಿತು.

ಇನ್ನೊಂದು ಪಾಠಶಾಲೆ ಬೇಕೆಂದರೆ ಬಾದಾಮಿಗೆ ಹೋಗಿ. ಮೊದಲನೇ ಗುಹೆಯ 18 ಕೈಗಳ ನಟರಾಜನನ್ನು ಎಲ್ಲರೂ ನೋಡುತ್ತಾರೆ. ನೀವು ಗುಹೆಗಳ ಜಗಲಿಯ ಬುಡದಲ್ಲಿ ಸಾಲಾಗಿ ಇರುವ ಕುಳ್ಳ ಗಣಗಳನ್ನು ನೋಡಿ. ಒಬ್ಬ ಕುಣಿಯುತ್ತಾನೆ, ಒಬ್ಬ ವಾಲುತ್ತಾನೆ, ಒಬ್ಬನ ಹೊಟ್ಟೆಯೇ ಮುಂದೆ ಬಂದು ನಗುತ್ತದೆ. ಎಷ್ಟೋ ಮುಖಗಳು ಸವೆದು ಹೋಗಿವೆ. ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು, ಅಂದರೆ 1,400 ವರ್ಷಕ್ಕಿಂತ ಜಾಸ್ತಿ ಆಯಿತು. ಮುಖ ಸವೆದರೂ ಅವರ ಖುಷಿ ಸವೆದಿಲ್ಲ, ಏಕೆಂದರೆ ಅದು ಭುಜದಲ್ಲಿ, ಸೊಂಟದಲ್ಲಿ ಇದೆ.

ಮಣ್ಣು

ಎರೆಮಣ್ಣು ಸುಡಲು ಬರುವುದಿಲ್ಲ. ನೀರು ಕುಡಿದಾಗ ತುಂಬಾ ಹಿಗ್ಗುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಿರುಕು ಬಿಡುವುದು ನೋಡಿದ್ದೀರಲ್ಲ, ಮೂರ್ತಿಯೂ ಹಾಗೇ ಬಿಡುತ್ತದೆ. ಪೂಜೆ ಮಾಡಿ ನೀರಿಗೆ ಬಿಡುವ ಎತ್ತು, ಗುಳ್ಳವ್ವ, ಜೋಕುಮಾರನಿಗೆ ಅದು ಸರಿ. ಪ್ರದರ್ಶನಕ್ಕೆ ಕೆಂಪು ಜೇಡಿಮಣ್ಣು ಬೇಕು. ನಮಗೆ ಹತ್ತಿರ ಅಂದರೆ ಖಾನಾಪುರ. ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್, ಮಲಪ್ರಭೆಯ ದಂಡೆ. ಮಡಿಕೆ, ಹಂಚು, ಇಟ್ಟಿಗೆಗೆ ಮೊದಲಿನಿಂದ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವೂ ಅಲ್ಲೇ ಇದೆ. ನಾನು ಅಲ್ಲಿಯ ಒಬ್ಬ ಹಿರಿಯ ಕುಂಬಾರರಿಂದ ಮಣ್ಣು ತರುತ್ತೇನೆ. ಅವರನ್ನು ಕಾಕಾ ಅನ್ನುತ್ತೇನೆ, ಅವರು ನನ್ನನ್ನು ಅಕ್ಕೋರ ಅನ್ನುತ್ತಾರೆ.

ಮಣ್ಣು ತಂದ ಮೇಲೆ ಪೂರ್ತಿ ಒಣಗಿಸಿ, ಕುಟ್ಟಿ, ಬಕೆಟ್‌ನಲ್ಲಿ ನೀರಿಗೆ ಹಾಕಿ. ಹಸಿ ಹೆಂಟೆಗಿಂತ ಒಣಗಿದ ಹೆಂಟೆ ಬೇಗ ಕರಗುತ್ತದೆ. ಎರಡು ದಿನ ಬಿಟ್ಟು ಹಳೆಯ ನೈಲಾನ್ ಸೀರೆಯಲ್ಲಿ ಸೋಸಿ. ಕಲ್ಲು, ಬೇರು, ಸುಣ್ಣದ ಹರಳು ಎಲ್ಲ ಹೋಗಬೇಕು. ಸುಣ್ಣದ ಹರಳು ಉಳಿದರೆ ಸುಟ್ಟು ಎಷ್ಟೋ ದಿನದ ಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಮೂರ್ತಿಯ ಮೈಯಿಂದ ಒಂದು ಚಕ್ಕೆ ಹಾರಿಸುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ, ರೊಟ್ಟಿ ಹಿಟ್ಟಿನ ಹದಕ್ಕೆ ಬಂದಾಗ ಚೆನ್ನಾಗಿ ನಾದಿ.

ಬರೀ ಸೋಸಿದ ಮಣ್ಣು ಮೂರ್ತಿಗೆ ತುಂಬಾ ನಯ. ಅದಕ್ಕೆ ಎಲುಬು ಬೇಕು. ಕುಂಬಾರರು ಮರಳು, ಬೂದಿ, ಲದ್ದಿ ಬೆರೆಸುತ್ತಾರೆ. ನಾನು ಒಡೆದ ಹಂಚು ಕುಟ್ಟಿ ಬೆರೆಸುತ್ತೇನೆ. ನಮ್ಮೂರಲ್ಲಿ ಹಳೆ ಮನೆ ಕೆಡವಿದ ಕಡೆ ಹಂಚಿನ ಚೂರು ಬೇಕಾದಷ್ಟು ಸಿಗುತ್ತವೆ. ರವೆಯಷ್ಟು ಸಣ್ಣಗೆ ಕುಟ್ಟಿ ಜರಡಿ ಹಿಡಿದು, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು. ಹಂಚು ಒಮ್ಮೆ ಸುಟ್ಟಿದ್ದರಿಂದ ಮತ್ತೆ ಕುಗ್ಗುವುದಿಲ್ಲ, ಮಣ್ಣಿನ ಬಿರುಕನ್ನೂ ತಡೆಯುತ್ತದೆ, ಒಳಗಿನ ನೀರಿಗೆ ಹೊರಗೆ ಬರಲು ದಾರಿಯನ್ನೂ ಬಿಡುತ್ತದೆ.

ಒಂದು ಪರೀಕ್ಷೆ ತಪ್ಪಿಸಬೇಡಿ. ಒಂದು ಬಿಲ್ಲೆ ತಟ್ಟಿ ಅದರ ಮೇಲೆ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಒಣಗಿದ ಮೇಲೆ ಅಳೆಯಿರಿ, ಸುಟ್ಟ ಮೇಲೆ ಇನ್ನೊಮ್ಮೆ. ನನ್ನ ಮಣ್ಣಿನಲ್ಲಿ ಅದು 9ಕ್ಕೆ ಬಂತು. ಅಂದರೆ 40 ಸೆಂಟಿಮೀಟರ್ ಮೂರ್ತಿ ಕೊನೆಗೆ 36 ಆಗುತ್ತದೆ.

ಅಂಗೈ ಗಾತ್ರದ ಹತ್ತು

ದೊಡ್ಡದಕ್ಕೆ ಕೈ ಹಾಕುವ ಮೊದಲು ಅಂಗೈ ಗಾತ್ರದ ಹತ್ತು ಮಾಡಿ. ಒಂದಕ್ಕೆ ಐದು ನಿಮಿಷ. ಸಾಲಾಗಿ ಇಟ್ಟು ಹತ್ತು ಹೆಜ್ಜೆ ಹಿಂದೆ ಹೋಗಿ, ಬೆನ್ನ ಕಡೆಯಿಂದ ನೋಡಿ. ಮನೆಯಲ್ಲಿ ಯಾರನ್ನಾದರೂ ಕರೆದು "ಇವರು ಏನು ಮಾಡುತ್ತಿದ್ದಾರೆ?" ಅಂತ ಕೇಳಿ. ನಾನು ನಮ್ಮ ಅತ್ತೆಯವರನ್ನು ಕೇಳುತ್ತಿದ್ದೆ. ಒಂದನ್ನು ನೋಡಿ "ಇಕಿ ಅಳಾಕತ್ತಾಳ" ಅಂದರು. ನಾನು ಅಂದುಕೊಂಡಿದ್ದು ನಿದ್ದೆಗಣ್ಣಿನ ಹುಡುಗಿ. ಅದನ್ನು ಬಿಟ್ಟುಬಿಟ್ಟೆ. ಎರಡು ಅರ್ಥ ಬಂದರೆ ತಪ್ಪೇನಿಲ್ಲ, ಆದರೆ ನಿಮ್ಮ ಅರ್ಥ ಒಂದಾದರೂ ಬರಬೇಕು.

ಕಟ್ಟುವುದು

ಸುಡುವ ಮೂರ್ತಿಯನ್ನು ಟೊಳ್ಳಾಗಿ ಕಟ್ಟಬೇಕು. ಹೆಬ್ಬೆರಳು ಗಾತ್ರದ ಬತ್ತಿ ಹೊಸೆದು, ಸುತ್ತು ಹಾಕುತ್ತಾ ಮೇಲೆ ಹೋಗಿ. ಗೋಡೆಯ ದಪ್ಪ ಒಂದರಿಂದ ಒಂದೂವರೆ ಸೆಂಟಿಮೀಟರ್ ಇರಲಿ, ಎಲ್ಲ ಕಡೆ ಒಂದೇ ಸಮ. ಒಂದು ಗೇಣು ಕಟ್ಟಿದ ಮೇಲೆ ನಿಲ್ಲಿಸಿ. ಕೆಳಗಿನದು ಚಪ್ಪಲಿಯ ತೊಗಲಿನಷ್ಟು ಗಟ್ಟಿಯಾದ ಮೇಲೆ ಮುಂದಿನದು. ಮೇಲಂಚಿಗೆ ಮಾತ್ರ ಒದ್ದೆ ಬಟ್ಟೆ ಸುತ್ತಿಡಿ. ಜೋಡಿಸುವ ಕಡೆ ಎರಡೂ ಬದಿ ಮುಳ್ಳುಚಮಚದಿಂದ ಗೀರಿ, ತೆಳು ಮಣ್ಣಿನ ಗಂಜಿ ಹಚ್ಚಿ ಒತ್ತಿ. ಒಳಗೆ ಹಳೆ ಪೇಪರ್ ಉಂಡೆ ತುರುಕಿದರೆ ಕುಸಿಯುವುದಿಲ್ಲ, ಬೆಂಕಿಯಲ್ಲಿ ಅದು ಸುಟ್ಟು ಹೋಗುತ್ತದೆ. ಕಬ್ಬಿಣದ ತಂತಿ ಬೇಡವೇ ಬೇಡ. ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ತಲೆ, ತೋಳು ಹೀಗೆ ಮುಚ್ಚಿದ ಪ್ರತಿ ಟೊಳ್ಳಿಗೂ ಕಾಣದ ಕಡೆ ಒಂದು ತೂತು ಮಾಡಿ.

ಈಗ ಬೆನ್ನು. ಇದನ್ನು ನಿಧಾನವಾಗಿ ಹೇಳುತ್ತೇನೆ.

ಗೋಡೆ ಇನ್ನೂ ಮೆತ್ತಗಿರುವಾಗ ಒಂದು ಕೈ ಒಳಗೆ ಹಾಕಿ. ಹೊರಗಿನ ಕೈಯಿಂದ ಬಡಿದು ಆಕಾರ ತರಬೇಡಿ, ಒಳಗಿನ ಬೆರಳುಗಳಿಂದ ಹೊರಕ್ಕೆ ಒತ್ತಿ. ನಮ್ಮ ಮೈಯಲ್ಲೂ ಎಲುಬು ಒಳಗಿನಿಂದ ತಾನೇ ಚರ್ಮವನ್ನು ಒತ್ತುವುದು? ಆ ಒತ್ತಡ ಹೊರಗೆ ಕಾಣುತ್ತದೆ. ಮುದುಕರ ಬೆನ್ನು ಮಾಡುವಾಗ ನಾನು ಒಳಗೆ ನಾಲ್ಕು ಬೆರಳು ಇಟ್ಟು, ಭುಜದ ಎರಡು ಹಲಗೆಗಳನ್ನು ಸ್ವಲ್ಪ ಮೇಲೆತ್ತಿದೆ. ಹೊರಗಿನಿಂದ ಹೆಬ್ಬೆರಳಿನಿಂದ ನಡುವೆ ಒಂದು ತಗ್ಗು. ಅಜ್ಜಿ ಎತ್ತಿಗೆ ಮಾಡುತ್ತಿದ್ದ ಅದೇ ತಗ್ಗು. ಆ ಹೆಬ್ಬೆರಳಿನ ಗುರುತನ್ನು ಅಳಿಸಲಿಲ್ಲ. ಒದ್ದೆ ಸ್ಪಂಜಿನಿಂದ ತೀಡಿ ನುಣ್ಣಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ತೀಡಿದರೆ ಅಂಗಡಿಯ ಗೊಂಬೆ ಆಗುತ್ತದೆ. ನಿಮ್ಮ ಬೆರಳು ಹೋದ ದಾರಿ ನೋಡುವವರ ಕಣ್ಣಿಗೂ ದಾರಿ.

ಕತ್ತು ಕೊನೆಗೆ. ತಲೆಯನ್ನು ಬೇರೆ ಮಾಡಿ, ಕತ್ತಿನ ಮೇಲೆ ಇಟ್ಟು, ಜೋಡಿಸುವ ಮೊದಲು ಸುಮ್ನೆ ತಿರುಗಿಸಿ ನೋಡಿ. ಗೋಧಿ ಕಾಳಿನಷ್ಟು ತಿರುಗಿದರೂ ಮನುಷ್ಯ ಬದಲಾಗುತ್ತಾನೆ. ಮಗುವನ್ನು ಸೊಂಟದ ಮೇಲೆ ಹೊತ್ತ ಹೆಂಗಸಿನ ಮೂರ್ತಿಯಲ್ಲಿ ತಲೆಯನ್ನು ಮಗುವಿನ ಕಡೆ ತಿರುಗಿಸಿದೆ, ತಾಯಿ ಆದಳು. ರಸ್ತೆಯ ಕಡೆ ತಿರುಗಿಸಿದೆ, ಬಸ್ಸಿಗೆ ಕಾಯುವವಳಾದಳು. ಎರಡರ ನಡುವೆ ನಿಲ್ಲಿಸಿದೆ. ಆಗ ಎರಡೂ ಆದಳು. ಅವಳ ಭಾರ ಎಲ್ಲ ಬಲಗಾಲಿನ ಮೇಲೆ, ಎಡಗಾಲು ಚಪ್ಪಲಿಯಿಂದ ಅರ್ಧ ಹೊರಗೆ.

ಮುಖಕ್ಕೆ ನಾನು ಮಾಡುವುದು ಇಷ್ಟೇ. ಹೆಬ್ಬೆರಳಿನಿಂದ ಎರಡು ಕಣ್ಣ ಗೂಡು, ಒಂದು ಚಿವುಟು ಮೂಗು. ಶಿಲ್ಪಿ ಹಿಮ್ಮತ್ ಶಾ ಅವರ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ, ತಲೆಗಳ ಫೋಟೋ ಹುಡುಕಿ ನೋಡಿ. 1933ರಲ್ಲಿ ಗುಜರಾತಿನ ಲೋಥಲ್‌ನಲ್ಲಿ, ಅಂದರೆ ಹರಪ್ಪದವರ ಕಾಲದ ಊರಲ್ಲಿ ಹುಟ್ಟಿದವರು. ಅವರ ತಲೆಗಳಲ್ಲಿ ಕಣ್ಣು, ಮೂಗು, ತುಟಿ ಹುಡುಕಿದರೆ ಅಷ್ಟಿಷ್ಟು ಸಿಗಬಹುದು, ಆದರೆ ಎದುರು ನಿಂತರೆ ಒಬ್ಬ ವ್ಯಕ್ತಿ ಇದ್ದಾನೆ ಅನ್ನಿಸುತ್ತದೆ.

ಒಣಗಿಸುವುದು, ಸುಡುವುದು

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತಲ್ಲ. ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ. ದಸರೆ ಕಳೆದ ಮೇಲೆ ಕಟ್ಟಲು ಶುರು ಮಾಡಿ. ಮೊದಲ ವಾರ ಪ್ಲಾಸ್ಟಿಕ್ ಹೊದಿಸಿ, ಎರಡನೇ ವಾರ ಅರ್ಧ ತೆರೆದು, ಮೂರನೇ ವಾರ ನೆರಳಲ್ಲಿ ಪೂರ್ತಿ ತೆರೆದಿಡಿ. ಫ್ಯಾನ್ ಬೇಡ, ಬಿಸಿಲೂ ಬೇಡ. ಬೆರಳು, ಕಿವಿ, ಸೆರಗಿನ ಅಂಚು ಬೇಗ ಒಣಗಿ ಬಿರಿಯುತ್ತವೆ, ಅವಕ್ಕೆ ಮಾತ್ರ ಪ್ಲಾಸ್ಟಿಕ್ ತುಂಡು ಸುತ್ತಿಡಿ. ಒಣಗಿದೆಯೋ ಇಲ್ಲವೋ ತಿಳಿಯಲು ನಿಮ್ಮ ಕೆನ್ನೆಗೆ ಮುಟ್ಟಿಸಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ.

ಈ ಕೆನ್ನೆಯ ಪಾಠ ನನಗೆ ತಡವಾಗಿ ಬಂತು. ನನ್ನ ಮೊದಲ ಮೂರ್ತಿ, ಬುತ್ತಿ ಗಂಟು ಹಿಡಿದ ಅಜ್ಜಿ, ಆವಿಗೆಯಲ್ಲಿ, ಅಂದರೆ ಕುಂಬಾರರು ಮಣ್ಣು ಸುಡುವ ಭಟ್ಟಿಯಲ್ಲಿ, ಸಿಡಿಯಿತು. ಕೂತ ಭಾಗ ನಾಲ್ಕು ಸೆಂಟಿಮೀಟರ್ ದಪ್ಪ ಇತ್ತು, ನಾನು ಹನ್ನೊಂದೇ ದಿನಕ್ಕೆ ಸುಡಲು ಒಯ್ದಿದ್ದೆ. ಒಳಗೆ ಗಾಳಿ ಇದ್ದರೆ ಸಿಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಿಡಿಸುವುದು ನೀರು. ಅದು ಆವಿಯಾದಾಗ ಸುಮಾರು 1,600 ಪಟ್ಟು ಜಾಸ್ತಿ ಜಾಗ ಬೇಡುತ್ತದೆ. ಜಾಗ ಸಿಗದಿದ್ದರೆ ಗೋಡೆ ಒಡೆದುಕೊಂಡು ಬರುತ್ತದೆ. ಬೂದಿಯೊಳಗಿಂದ ಚೂರು ಆರಿಸುವಾಗ ಕಾಕಾ ಪಕ್ಕದಲ್ಲಿ ಕೂತು ಹೇಳಿದರು: "ಅಕ್ಕೋರ, ಮಣ್ಣಿಗೆ ಅವಸರ ಆಗಿಬರಂಗಿಲ್ಲ. ನೀರ ತಾನ ಹೊಕ್ಕೈತಿ, ತಾನ ಹೋಗ್ಲಿ. ನೀವು ಹಾದಿ ಬಿಡ್ರಿ." ಆ ಚೂರುಗಳಲ್ಲಿ ಭುಜದ ತುಂಡೊಂದು ನನ್ನ ಮೇಜಿನ ಮೇಲೆ ಈಗಲೂ ಇದೆ. ಉಳಿದದ್ದನ್ನು ಕುಟ್ಟಿ ಮುಂದಿನ ಮೂರ್ತಿಗಳ ಮಣ್ಣಿಗೆ ಬೆರೆಸಿದೆ.

ಸುಡುವಾಗ ಮೊದಲ ನಾಲ್ಕೈದು ತಾಸು ಬರೀ ಹೊಗೆಯಂಥ ಸಣ್ಣ ಬೆಂಕಿ. 100 ಡಿಗ್ರಿ ದಾಟುವ ತನಕ ಅವಸರ ಮಾಡುವಂತಿಲ್ಲ. ಆಮೇಲೆ 573 ಡಿಗ್ರಿಯ ಹತ್ತಿರ ಇನ್ನೊಂದು ಗಂಡಾಂತರ ಇದೆ. ಮಣ್ಣಿನಲ್ಲಿರುವ ಬೆಣಚಿನ ಕಣಗಳು ಅಲ್ಲಿ ಥಟ್ಟನೆ ಹಿಗ್ಗುತ್ತವೆ, ಆರುವಾಗ ಅಲ್ಲಿಯೇ ಥಟ್ಟನೆ ಕುಗ್ಗುತ್ತವೆ. ಏರುವಾಗಲೂ ಇಳಿಯುವಾಗಲೂ ಅಲ್ಲಿ ನಿಧಾನ ಬೇಕು. ಕೊನೆಗೆ 900 ಡಿಗ್ರಿಯ ಸುತ್ತಮುತ್ತ ಬಂದರೆ ಸಾಕು. ಶಾಲೆ, ಕಾಲೇಜಿನ ಕರೆಂಟ್ ಭಟ್ಟಿ ಸಿಕ್ಕರೆ ಇದನ್ನೆಲ್ಲ ಗುಂಡಿ ಒತ್ತಿ ಹೊಂದಿಸಬಹುದು. ನನಗೆ ಕಾಕಾನ ಆವಿಗೆಯೇ ಇಷ್ಟ. ಕಟ್ಟಿಗೆಯ ಹೊಗೆ ಕೂತ ಕಡೆ ಕೆಂಪು ಮೈ ಕಪ್ಪಗಾಗುತ್ತದೆ. ಮುದುಕರ ಎಡ ಭುಜದ ಮೇಲೆ ಹಾಗೆ ಒಂದು ಕಪ್ಪು ಬಿದ್ದಿದೆ, ದಿನವೂ ಚೀಲ ಹೊತ್ತ ಜಾಗದಂತೆ. ಅದನ್ನು ನಾನು ಮಾಡಿದ್ದಲ್ಲ. ಬೆಂಕಿ ಆರಿದ ಮೇಲೂ ಒಂದು ದಿನ ಮುಟ್ಟಬೇಡಿ. ಬಣ್ಣ ಹಚ್ಚುವುದು ಬೇಡ ಅಂತ ನನ್ನ ಅಭಿಪ್ರಾಯ.

ಸಾಗಿಸುವುದು

ಖಾನಾಪುರದಿಂದ ಟಿಳಕವಾಡಿಗೆ ಒಂದು ಟೆಂಪೋ. ಕೆಳಗೆ ಎರಡು ಕೌದಿ ಹಾಸಿದೆ. ಮರದ ಪೆಟ್ಟಿಗೆಯಲ್ಲಿ ಭತ್ತದ ಹೊಟ್ಟು ತುಂಬಿ, ಅದರೊಳಗೆ ಮೂರ್ತಿಯನ್ನು ಬೆನ್ನ ಮೇಲೆ ಮಲಗಿಸಿ, ತೋಳಿನ ಸಂದಿಗೆ ಹಳೆ ಬಟ್ಟೆ ಸೇರಿಸಿದೆ. ತೋಳು ಹಿಡಿದು ಎತ್ತಬೇಡಿ, ಸಹಾಯಕ್ಕೆ ಬಂದವರಿಗೂ ಮೊದಲೇ ಹೇಳಿ. ಎರಡೂ ಕೈ ಬುಡಕ್ಕೆ ಹಾಕಿ ಎತ್ತಬೇಕು.

ಹಾಲ್‌ನಲ್ಲಿ

ಮೊದಲ ದಿನ ನಾನು ಎಲ್ಲವನ್ನೂ ಗೋಡೆಗೆ ತಾಗಿಸಿದ ಉದ್ದನೆಯ ಟೇಬಲ್‌ಗಳ ಮೇಲೆ ಸಾಲಾಗಿ ಇಟ್ಟಿದ್ದೆ. ಬಿಳಿ ಬಟ್ಟೆ ಹಾಸಿ, ಹೂವಿನ ಕುಂಡ ಇಟ್ಟು. ಬಂದವರು ಸಾಲಿನ ಉದ್ದಕ್ಕೆ ನಡೆದು, ಮೂರು ನಿಮಿಷದಲ್ಲಿ ಚಹಾದ ಕಡೆ ಹೋದರು. ನನಗೆ ಸಂಕಟ ಆಯಿತು. ಸಂಜೆ ಹಾಲ್ ಖಾಲಿ ಆದ ಮೇಲೆ ನಾನೇ ನೋಡುವವಳಾಗಿ ಬಾಗಿಲಿಂದ ಒಳಗೆ ಬಂದೆ. ಆಗ ಕಂಡಿತು. ಒಂದೇ ಒಂದು ಬೆನ್ನೂ ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲವೂ ಗೋಡೆಯ ಕಡೆ ಇದ್ದವು.

ಆ ರಾತ್ರಿ ಟೇಬಲ್ ಎಲ್ಲ ತೆಗೆದೆವು. ಪ್ಲೈವುಡ್ ಪೆಟ್ಟಿಗೆ, ಸ್ಟೂಲು, ಶಾಲೆಯ ಬೆಂಚು ತಂದೆವು. ಮೂರ್ತಿಗಳನ್ನು ಗೋಡೆಯಿಂದ ಬಿಡಿಸಿ ಹಾಲ್‌ನ ನಡುವೆ ತಂದು, ಪ್ರತಿಯೊಂದರ ಸುತ್ತ ಒಂದು ಮೀಟರ್ ಜಾಗ ಬಿಟ್ಟೆವು. ಎತ್ತರ ಒಂದೇ ಸಮ ಇಡಲಿಲ್ಲ. ಸಾಮಾನ್ಯವಾಗಿ 90ರಿಂದ 110 ಸೆಂಟಿಮೀಟರ್ ಎತ್ತರದ ಪೀಠ ಇಡುತ್ತಾರೆ. ನಿಂತ ಹೆಂಗಸಿಗೆ 110 ಸರಿ ಆಯಿತು, ಅವಳ ಮುಖ ನಮ್ಮ ಕಣ್ಣಿನ ಮಟ್ಟಕ್ಕೆ ಬಂತು. ಕುಕ್ಕರಗಾಲಿನ ಮುದುಕರನ್ನು ಮಾತ್ರ 45 ಸೆಂಟಿಮೀಟರಿನ ಬೆಂಚಿನ ಮೇಲೆ ಇಟ್ಟೆ. ಅವರನ್ನು ನೋಡಬೇಕೆಂದರೆ ನೀವೂ ಬಾಗಬೇಕು ಅಥವಾ ಕೂರಬೇಕು. ಮಾರನೇ ದಿನ ಜನ ಅವರ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡುವುದನ್ನು ಕಂಡೆ. ಮಕ್ಕಳು ಬರುವ ಕಡೆ ಪೆಟ್ಟಿಗೆಯೊಳಗೆ ಮರಳಿನ ಚೀಲ ಇಡಿ, ತಾಗಿದರೂ ಉರುಳುವುದಿಲ್ಲ.

ದೀಪದ ವಿಷಯ ಇದಕ್ಕಿಂತ ಮುಖ್ಯ. ಹಾಲ್‌ನಲ್ಲಿ ಇದ್ದದ್ದು ಟ್ಯೂಬ್‌ಲೈಟ್. ಅದು ಮೇಲಿನಿಂದ ಎಲ್ಲ ಕಡೆ ಒಂದೇ ಸಮ ಚೆಲ್ಲುತ್ತದೆ. ನೆರಳಿಲ್ಲದ ಕಡೆ ಮಣ್ಣು ಚಪ್ಪಟೆ. ಹೆಬ್ಬೆರಳಿನ ತಗ್ಗು, ಭುಜದ ಹಲಗೆ ಯಾವುದೂ ಕಾಣುವುದಿಲ್ಲ. ಟ್ಯೂಬ್ ಆರಿಸಿ, ಪ್ರತಿ ಮೂರ್ತಿಗೆ ಒಂದು ಹಳದಿ ಬೆಳಕಿನ ಎಲ್‌ಇಡಿ ಸ್ಪಾಟ್ ಹಾಕಿ. ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇರುವುದನ್ನು ಕೇಳಿ ತನ್ನಿ. ಮೇಲಿನಿಂದ, ಪಕ್ಕದಿಂದ, ಓರೆಯಾಗಿ ಬೀಳಬೇಕು. ನಾನು ಸ್ವಲ್ಪ ಹಿಂದಿನಿಂದ ಬೀಳುವ ಹಾಗೆ ಮಾಡಿದೆ. ಮುಖ ಅರ್ಧ ನೆರಳಿಗೆ ಹೋಯಿತು, ಬೆನ್ನು ಎದ್ದು ಬಂತು. ಎರಡು ಕಡೆಯಿಂದ ಸಮ ಬೆಳಕು ಹಾಕಿದರೆ ಒಂದರ ನೆರಳನ್ನು ಇನ್ನೊಂದು ತಿನ್ನುತ್ತದೆ.

ಚೀಟಿ ಸಣ್ಣದಿರಲಿ. ಹೆಸರು, ಯಾವ ಮಣ್ಣು, ಎತ್ತರ, ವರ್ಷ, ಮಾರುವುದಿದ್ದರೆ ಬೆಲೆ. "ಬದುಕಿನ ಬವಣೆ" ಅಂತೆಲ್ಲ ಬರೆಯಬೇಡಿ, ದಯವಿಟ್ಟು. ಅದು ನೋಡುವವರು ತಾವೇ ಕಂಡುಕೊಳ್ಳಬೇಕಾದದ್ದು. ನಾನು "ಸವದತ್ತಿ ಬಸ್ಸು, ಸಂಜೆ 6" ಅಂತ ಮಾತ್ರ ಬರೆದಿದ್ದೆ. ನಮ್ಮೂರಲ್ಲಿ ಕನ್ನಡ, ಮರಾಠಿ ಎರಡೂ ಓದುವವರಿದ್ದಾರೆ, ಹಾಗಾಗಿ ಕನ್ನಡದ ಕೆಳಗೆ ಮರಾಠಿಯಲ್ಲೂ ಬರೆದೆ. ಚೀಟಿಯನ್ನು ಮೂರ್ತಿಯ ಕಾಲ ಬುಡದಲ್ಲಿ ಅಂಟಿಸಬೇಡಿ, ಪಕ್ಕದಲ್ಲಿ ಇಡಿ. ಮೊದಲು ಮೂರ್ತಿ, ಆಮೇಲೆ ಚೀಟಿ.

ಒಂದು ಮೂರ್ತಿಯನ್ನು ಮುಟ್ಟಲು ಬಿಡಿ. ಇದು ನನ್ನ ಹಟ. ಮಣ್ಣು ಕಂಡರೆ ಕೈ ತಾನೇ ಮುಂದೆ ಹೋಗುತ್ತದೆ. ಎಲ್ಲ ಕಡೆ "ಮುಟ್ಟಬೇಡಿ" ಅಂತ ಬರೆದರೆ ಜನ ಕೈ ಕಟ್ಟಿಕೊಂಡು ದೂರ ನಿಲ್ಲುತ್ತಾರೆ. ಬಾಗಿಲ ಹತ್ತಿರ ಗಟ್ಟಿಮುಟ್ಟಾದ ಒಂದನ್ನು ಇಟ್ಟು, "ಮುಟ್ಟಿ ನೋಡಿ" ಅಂತ ಬರೆಯಿರಿ. ನಾನು ಗಂಟಿನ ಮೇಲೆ ತಲೆ ಇಟ್ಟು ಮಲಗಿದ ಹುಡುಗನನ್ನು ಇಟ್ಟಿದ್ದೆ. ಮೂರನೇ ದಿನ ಕಣ್ಣು ಕಾಣದ ಒಬ್ಬರು ತಮ್ಮ ತಂಗಿಯ ಜೊತೆ ಬಂದಿದ್ದರು. ಹುಡುಗನ ಕಾಲಿನಿಂದ ಶುರು ಮಾಡಿ, ಗಂಟು, ತಲೆ ಎಲ್ಲ ಸವರಿ, ಕೊನೆಗೆ ಬೆನ್ನ ಮೇಲೆ ಅಂಗೈ ಇಟ್ಟು ತುಂಬಾ ಹೊತ್ತು ನಿಂತರು. "ಉಸಿರಾಡ್ತಾನ ಅನಸ್ತದ" ಅಂದರು.

ಐದನೇ ದಿನ ಕಟ್ಟಿ ತರುವಾಗ ನೋಡಿದೆ. ಆ ಹುಡುಗನ ಮುಖ ಆವಿಗೆಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ಬೆನ್ನು ಮಾತ್ರ ಐದು ದಿನದ ಕೈಗಳ ಎಣ್ಣೆ ಕುಡಿದು ಒಂದು ಅಂಗೈ ಅಗಲ ಕಪ್ಪಗೆ ಹೊಳೆಯುತ್ತಿತ್ತು. ನಮ್ಮ ಅತ್ತೆಯವರು ಒದ್ದೆ ಬಟ್ಟೆ ತಂದರು. ಬೇಡ ಅಂದೆ. ಹಾಗೇ ಹೊಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದೆ.